ಮುನ್ನೂರು ರೂಪಾಯಿ ಮೌಸು, ಹನ್ನೆರಡು ಸಾವಿರದ ಮೌಸು

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಯಾರು ಯಾವ ರೆಸಾರ್ಟ್‌ನಲ್ಲಿದ್ದಾರೆ, ಯಾರ ಮುಖ ಯಾಕೆ ಊದಿಕೊಂಡಿದೆ, ಅದೆಲ್ಲ ನಾಳೆಯೂ ಇರುತ್ತೆ. ಇವತ್ತಿನ ವಿಷಯ ನಿಮ್ಮ ಮನೆಯ ಮೇಜಿನ ಮೇಲೆ ಕೂತಿರೋ ಇಲಿ. ಹೌದು, ಕಂಪ್ಯೂಟರ್ ಮೌಸ್.

ನಗಬೇಡಿ. ಕಳೆದ ವಾರ ಹಾಸನದ ಕಡೆಯ ತಂದೆಯೊಬ್ಬರು ನಮ್ಮ ಕಚೇರಿಗೆ ಫೋನ್ ಮಾಡಿದ್ದರು. ಮಗ ಎರಡನೇ ಪಿಯುಸಿ. ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲವಂತೆ. ಕಾರಣ? ಹನ್ನೆರಡು ಸಾವಿರ ರೂಪಾಯಿಯ ಗೇಮಿಂಗ್ ಮೌಸ್ ಬೇಕು. "ಈಗಿರೋ ಮೌಸ್‌ನಲ್ಲಿ ಏಮ್ ನಿಲ್ತಿಲ್ಲ ಅಂತಾನೆ ಸಾರ್. ಕೊಡಿಸಿದ್ರೆ ನಿಲ್ಲುತ್ತಾ?" ಅಂತ ಆ ತಂದೆ ಕೇಳಿದರು. ಬೈಗುಳ ಇಲ್ಲ, ಸಿಟ್ಟಿಲ್ಲ. ಹನ್ನೆರಡು ಸಾವಿರ ಅಂದರೆ ಆ ಮನೆಗೆ ಎಷ್ಟು ದೊಡ್ಡ ಮೊತ್ತ ಅನ್ನೋದು ಅವರ ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಈ ಪ್ರಶ್ನೆಗೆ "ಆಟ ಬಿಡಿಸಿ, ಓದೋಕೆ ಹೇಳಿ" ಅಂತ ಉತ್ತರ ಕೊಡೋದು ಸುಲಭ. ಆದರೆ ಅವರು ಕೇಳಿದ್ದು ಅದಲ್ಲವಲ್ಲ? ಕೇಳಿದ ಪ್ರಶ್ನೆಗೆ ಉತ್ತರ ಹೇಳೋಣ.

ಮೊದಲು ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕೌಂಟರ್ ಸ್ಟ್ರೈಕ್, ವ್ಯಾಲರಂಟ್ ಅಂತ ಮಕ್ಕಳು ಹೇಳೋದನ್ನ ಕೇಳಿರ್ತೀರಿ. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರು, ಮೈಸೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಹುಡುಗರು ಇದನ್ನೇ ಆಡ್ತಿದ್ದರು. ಇವತ್ತು ಆ ಹುಡುಗರೇ ಅಪ್ಪಂದಿರಾಗಿದ್ದಾರೆ. ಪರದೆಯ ನಟ್ಟನಡುವೆ ಒಂದು ಸಣ್ಣ ಕೂಡಿಸೋ ಚಿಹ್ನೆ ಇರುತ್ತೆ, ಅದಕ್ಕೆ ಕ್ರಾಸ್‌ಹೇರ್ ಅಂತಾರೆ. ಅದು ಅಲುಗಾಡೋದಿಲ್ಲ. ನೀವು ಮೌಸ್ ಆಡಿಸಿದರೆ ಅದರ ಹಿಂದಿನ ಇಡೀ ಜಗತ್ತು ತಿರುಗುತ್ತೆ, ನೀವು ಕತ್ತು ತಿರುಗಿಸಿದ ಹಾಗೆ. ಎದುರಾಳಿಯ ತಲೆ ಆ ಚಿಹ್ನೆಯ ಕೆಳಗೆ ಬಂದ ಕ್ಷಣದಲ್ಲಿ ಗುಂಡಿ ಒತ್ತಬೇಕು. ಒಂದು ಕೂದಲೆಳೆ ಆಚೆ ಈಚೆ ಆದರೂ ನೀವು ಔಟ್.

ಇದು ಬರೀ ಪೋಲಿ ಆಟ ಅನ್ನೋ ಕಾಲವೂ ಹೋಯ್ತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಕ್ರೀಡೆಯೇ ಆಯ್ತು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಇದನ್ನು ಕ್ರೀಡಾ ಇಲಾಖೆಯ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿದಾಗ, ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಮಾತ್ರ ಉತ್ತೇಜಿಸಬೇಕಾದ ಕ್ರೀಡೆ ಅಂತ ಬೇರೆಯಾಗಿ ಇಟ್ಟಿತು. ನಿಮ್ಮ ಮಗ ಯಾವ ಕಡೆ ಇದ್ದಾನೆ ಅನ್ನೋದನ್ನ ನೀವು ವಿಚಾರಿಸಿ. ಅಲ್ಲಿಗೆ ಆ ಮಾತು ಸಾಕು.

ಈಗ ಇಲಿಯ ಹೊಟ್ಟೆಯೊಳಗೆ ಏನಿದೆ ನೋಡೋಣ. 1964ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಇದನ್ನು ಯೋಚಿಸಿದರು, ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಮರದಲ್ಲಿ ಮಾಡಿಕೊಟ್ಟರು. ಮರದ ಡಬ್ಬಿ, ಅಡಿಯಲ್ಲಿ ಎರಡು ಚಕ್ರ, ಮೇಲೊಂದು ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದನ್ನು ಜಗತ್ತಿಗೆ ತೋರಿಸಿದರು. ಆಮೇಲೆ ಅಡಿಯಲ್ಲಿ ರಬ್ಬರ್ ಉಂಡೆ ಬಂತು. ವಾರಕ್ಕೊಮ್ಮೆ ಅದನ್ನು ತೆಗೆದು ಧೂಳು ಕೆರೆದದ್ದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ಈಗ ಉಂಡೆ ಇಲ್ಲ. ಅಡಿಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಅದು ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಫೋಟೋ ತೆಗೆದು, ಹಿಂದಿನ ಫೋಟೋಗೂ ಈಗಿನದಕ್ಕೂ ಹೋಲಿಸಿ, "ನಾನು ಬಲಕ್ಕೆ ಇಷ್ಟು ಹೆಜ್ಜೆ ಹೋದೆ, ಮೇಲಕ್ಕೆ ಇಷ್ಟು ಹೆಜ್ಜೆ ಹೋದೆ" ಅಂತ ಕಂಪ್ಯೂಟರ್‌ಗೆ ವರದಿ ಕೊಡುತ್ತೆ. ಅಷ್ಟೇ ಅದರ ಕೆಲಸ. ಎಲ್ಲಿಗೆ ಗುರಿ ಇಡಬೇಕು ಅನ್ನೋದು ಅದಕ್ಕೆ ಗೊತ್ತಿಲ್ಲ.

ಒಂದು ಇಂಚು ಸರಿದರೆ ಎಷ್ಟು ಹೆಜ್ಜೆ ಅಂತ ಎಣಿಸಬೇಕು? ಅದಕ್ಕೇ ಡಿಪಿಐ ಅನ್ನೋದು. 800 ಡಿಪಿಐ ಅಂದರೆ ಒಂದು ಇಂಚಿಗೆ 800 ಹೆಜ್ಜೆ. ಇಲ್ಲಿಂದಲೇ ಅಂಗಡಿಯವರ ಆಟ ಶುರು ನೋಡಿ. ಮೌಸ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 26,000 ಡಿಪಿಐ, 30,000 ಡಿಪಿಐ ಅಂತ ಬರೆದಿರ್ತಾರೆ. ಹುಡುಗ ಅದನ್ನ ನೋಡಿ ಮರುಳಾಗ್ತಾನೆ. ಜಾಸ್ತಿ ಅಂದರೆ ಒಳ್ಳೇದು ಅಂತ ತಾನೇ ನಾವೆಲ್ಲ ಕಲಿತಿರೋದು? ಒಂದು ಲೆಕ್ಕ ಹಾಕಿ. ಮಾಮೂಲಿ ಫುಲ್ ಎಚ್‌ಡಿ ಪರದೆಯ ಅಗಲ 1920 ಚುಕ್ಕೆ. 26,000 ಡಿಪಿಐ ಇಟ್ಟರೆ ಬಾಣದ ಗುರುತು ಪರದೆಯ ಈ ತುದಿಯಿಂದ ಆ ತುದಿಗೆ ಹೋಗೋಕೆ ನಿಮ್ಮ ಕೈ ಎರಡು ಮಿಲಿಮೀಟರ್ ಕೂಡ ಅಲುಗಬೇಕಿಲ್ಲ. ಸೀನಿದರೆ ಸಾಕು! ಅದೇ 800 ಇಟ್ಟರೆ ಸುಮಾರು ಆರು ಸೆಂಟಿಮೀಟರ್ ಬೇಕು. ಯಾವುದರಲ್ಲಿ ಗುರಿ ನಿಲ್ಲುತ್ತೆ, ನೀವೇ ಹೇಳಿ. ಪಂದ್ಯ ಗೆದ್ದು ಜೀವನ ಮಾಡೋ ಆಟಗಾರರಲ್ಲಿ ಬಹುತೇಕರು ಇಡೋದು 400, 800, ಇಲ್ಲ 1600. ಆ ಸಂಖ್ಯೆಗಳು ಕಡಿಮೆ ಬೆಲೆಯ ಮೌಸ್‌ಗಳಲ್ಲೂ ಸಿಗುತ್ತವೆ.

ಡಿಪಿಐ ಒಂದೇ ಅಲ್ಲ, ಆಟದೊಳಗೆ ಇನ್ನೊಂದು ಸಂಖ್ಯೆ ಇದೆ, ಸೆನ್ಸಿಟಿವಿಟಿ. ಮೌಸ್ ಕೊಟ್ಟ ಪ್ರತಿ ಹೆಜ್ಜೆಗೂ ಜಗತ್ತು ಎಷ್ಟು ಡಿಗ್ರಿ ತಿರುಗಬೇಕು ಅನ್ನೋದನ್ನ ಅದು ಹೇಳುತ್ತೆ. ಕೌಂಟರ್ ಸ್ಟ್ರೈಕ್‌ನಲ್ಲಿ ಸೆನ್ಸಿಟಿವಿಟಿ 1 ಇಟ್ಟರೆ ಒಂದು ಹೆಜ್ಜೆಗೆ 0.022 ಡಿಗ್ರಿ. ಹಾಗಾಗಿ 400 ಡಿಪಿಐ ಮತ್ತು ಸೆನ್ಸಿಟಿವಿಟಿ 2 ಇಟ್ಟರೂ ಒಂದೇ, 800 ಡಿಪಿಐ ಮತ್ತು ಸೆನ್ಸಿಟಿವಿಟಿ 1 ಇಟ್ಟರೂ ಒಂದೇ. ಗುಣಿಸಿದರೆ ಬರೋದು 800. "ಅವನು 400ರಲ್ಲಿ ಆಡ್ತಾನೆ, ನಾನು 800ರಲ್ಲಿ ಆಡ್ತೀನಿ, ಅದಕ್ಕೇ ಸೋತೆ" ಅನ್ನೋ ಹುಡುಗರಿಗೆ ಈ ಗುಣಾಕಾರ ಯಾರೂ ಹೇಳಿಕೊಟ್ಟಿಲ್ಲ.

ಆದರೆ ಗುಣಾಕಾರಕ್ಕಿಂತ ಒಳ್ಳೆಯ ಅಳತೆ ಇನ್ನೊಂದಿದೆ. ಆಟದಲ್ಲಿ ಒಂದು ಗೋಡೆಯ ಗುರುತಿನ ಮೇಲೆ ಕ್ರಾಸ್‌ಹೇರ್ ಇಡಿ. ಮೌಸ್ ಅನ್ನು ಬಲಕ್ಕೆ ಸರಿಸುತ್ತಾ ಹೋಗಿ. ಒಂದು ಪೂರ್ತಿ ಸುತ್ತು ತಿರುಗಿ ಮತ್ತೆ ಅದೇ ಗುರುತಿಗೆ ಬರೋಷ್ಟರಲ್ಲಿ ಕೈ ಎಷ್ಟು ಸೆಂಟಿಮೀಟರ್ ಹೋಯ್ತು? ಸ್ಕೇಲ್ ಇಟ್ಟು ಅಳೆಯಿರಿ. ಜಾಮಿಟ್ರಿ ಬಾಕ್ಸ್‌ನ ಸ್ಕೇಲ್‌ಗೂ ಒಂದು ಕೆಲಸ ಸಿಕ್ಕಿತು ಅಂದುಕೊಳ್ಳಿ. ಮೇಲೆ ಹೇಳಿದ 800 ಗುಣಿಸು 1 ಅನ್ನೋ ಸೆಟ್ಟಿಂಗ್‌ಗೆ ಉತ್ತರ ಸುಮಾರು 52 ಸೆಂಟಿಮೀಟರ್. ಈ ಅಳತೆಗೆ ಆಟ ಯಾವುದು, ಕಂಪನಿ ಯಾವುದು ಅನ್ನೋ ಹಂಗಿಲ್ಲ. ವ್ಯಾಲರಂಟ್‌ನಲ್ಲಿ ಒಂದು ಹೆಜ್ಜೆಗೆ 0.07 ಡಿಗ್ರಿ, ಹಾಗಾಗಿ ಕೌಂಟರ್ ಸ್ಟ್ರೈಕ್ ಬಿಟ್ಟು ವ್ಯಾಲರಂಟ್‌ಗೆ ಹೋಗುವವರು ತಮ್ಮ ಹಳೇ ಸಂಖ್ಯೆಯನ್ನು 3.18ರಿಂದ ಭಾಗಿಸಿದರೆ ಕೈಗೆ ಹೊಸ ಆಟ ಅನ್ನಿಸೋದಿಲ್ಲ. ಹಾಗೆ ಮಾಡದೆ ಅದೇ ಸಂಖ್ಯೆ ಹಾಕಿಬಿಟ್ಟರೆ ಮೂರು ಪಟ್ಟು ಜೋರು. ತಿರುಗಣಿಯಲ್ಲಿ ಕೂತ ಹಾಗಾಗುತ್ತೆ.

ಈಗ ಅಸಲಿ ವಿಷಯಕ್ಕೆ ಬರೋಣ. ಕಡಿಮೆ ಸೆನ್ಸಿಟಿವಿಟಿ ಇಟ್ಟರೆ ಗುರಿ ಯಾಕೆ ನಿಲ್ಲುತ್ತೆ? ಎಲ್ಲರೂ "ಕಡಿಮೆ ಇಡು, ಕಡಿಮೆ ಇಡು" ಅಂತಾರೆ, ಯಾಕೆ ಅಂತ ಯಾರೂ ಹೇಳಲ್ಲ. ಮನುಷ್ಯನ ಕೈ ಎಷ್ಟೇ ಪಳಗಿದ್ದರೂ ಮಿಲಿಮೀಟರ್ ಲೆಕ್ಕದಲ್ಲಿ ತಪ್ಪುತ್ತೆ. ಒಂದು ಮಿಲಿಮೀಟರ್ ತಪ್ಪಿದಿರಿ ಅಂದುಕೊಳ್ಳಿ. ಸುತ್ತಿಗೆ 52 ಸೆಂಟಿಮೀಟರ್ ಇಟ್ಟವನಿಗೆ ಆ ತಪ್ಪು 0.7 ಡಿಗ್ರಿ, ಅಂದರೆ ಕೌಂಟರ್ ಸ್ಟ್ರೈಕ್‌ನ ಫುಲ್ ಎಚ್‌ಡಿ ಪರದೆಯ ನಡುವಿನಲ್ಲಿ ಸುಮಾರು ಒಂಬತ್ತು ಚುಕ್ಕೆ. ಸುತ್ತಿಗೆ 15 ಸೆಂಟಿಮೀಟರ್ ಇಟ್ಟವನಿಗೆ ಅದೇ ಒಂದು ಮಿಲಿಮೀಟರ್ 2.4 ಡಿಗ್ರಿ, ಅಂದರೆ ಮೂವತ್ತು ಚುಕ್ಕೆ. ದೂರದಲ್ಲಿ ನಿಂತ ಎದುರಾಳಿಯ ತಲೆ ಪರದೆಯ ಮೇಲೆ ಬೆರಳೆಣಿಕೆಯ ಚುಕ್ಕೆಗಳಷ್ಟೇ ಅಗಲ. ಇಬ್ಬರ ಕೈಯೂ ಒಂದೇ ತಪ್ಪು ಮಾಡಿದೆ. ಒಬ್ಬನ ಗುಂಡು ಕಿವಿಯ ಪಕ್ಕ ಹೋಯ್ತು, ಇನ್ನೊಬ್ಬನದು ಪಕ್ಕದ ಬೀದಿಗೆ!

ಹಾಗಾದರೆ 100 ಸೆಂಟಿಮೀಟರ್ ಇಟ್ಟುಬಿಡೋಣವಾ? ಅದೂ ಆಗಲ್ಲ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು, ತಿರುಗಬೇಕು. ಅರ್ಧ ಮೀಟರ್ ಕೈ ಎಳೆಯಬೇಕು. ಅಷ್ಟರಲ್ಲಿ ಮೌಸ್ ಮೇಜಿನಿಂದ ಕೆಳಗೆ ಬಿದ್ದಿರುತ್ತೆ, ಇಲ್ಲ ಪಕ್ಕದಲ್ಲಿಟ್ಟ ಕಾಫಿ ಲೋಟ ಬಿದ್ದಿರುತ್ತೆ. ಕೌಂಟರ್ ಸ್ಟ್ರೈಕ್‌ನ ವೃತ್ತಿಪರರಲ್ಲಿ ಹೆಚ್ಚಿನವರು ಸುಮಾರು 30ರಿಂದ 60 ಸೆಂಟಿಮೀಟರ್ ನಡುವೆ ಇರೋದು ಇದಕ್ಕೇ. ಅಲ್ಲೂ ಒಬ್ಬರಂತೆ ಒಬ್ಬರಿಲ್ಲ. ಉಕ್ರೇನಿನ ಸಿಂಪಲ್ ಅನ್ನೋ ಹೆಸರಿನ ಆಟಗಾರನ ಪ್ರಸಿದ್ಧ ಸೆಟ್ಟಿಂಗ್ 400 ಡಿಪಿಐ, ಸೆನ್ಸಿಟಿವಿಟಿ 3.09. ಅಂದರೆ ಸುತ್ತಿಗೆ 34 ಸೆಂಟಿಮೀಟರ್ ಹತ್ತಿರ. ಫ್ರಾನ್ಸಿನ ಝೈವೂ 400 ಡಿಪಿಐ ಜೊತೆ 2 ಇಟ್ಟು ಆಡಿದವನು, 52 ಸೆಂಟಿಮೀಟರ್. ಇಬ್ಬರೂ ಜಗತ್ತಿನ ಅಗ್ರ ಆಟಗಾರರು ಅನ್ನಿಸಿಕೊಂಡವರೇ. ಯಾರದನ್ನು ಕಾಪಿ ಹೊಡೀತೀರಿ?

ಇದಕ್ಕೆ ವಿಜ್ಞಾನವೂ ಇದೆ, ಅದೂ ಕಂಪ್ಯೂಟರ್ ಹುಟ್ಟೋದಕ್ಕಿಂತ ಹಿಂದಿನದು. 1899ರಲ್ಲಿ ರಾಬರ್ಟ್ ವುಡ್‌ವರ್ತ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಜನರ ಕೈಗೆ ಪೆನ್ಸಿಲ್ ಕೊಟ್ಟು, ತಾಳದ ಗತಿಗೆ ಸರಿಯಾಗಿ ಗೆರೆ ಎಳೆಸಿದ. ಕಣ್ಣು ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ಗುರಿಯತ್ತ ಹೋಗೋ ಕೈ ಎರಡು ಹಂತದಲ್ಲಿ ಕೆಲಸ ಮಾಡುತ್ತೆ ಅಂತ ಅವನು ಕಂಡುಕೊಂಡ. ಮೊದಲನೇದು ಒಂದೇ ಎಸೆತ, ಗುರಿಯ ಹತ್ತಿರಕ್ಕೆ. ಎರಡನೇದು ಕಣ್ಣು ನೋಡಿ ತಿದ್ದೋ ಸಣ್ಣ ಚಲನೆ. ಕೈ ತುಂಬ ವೇಗವಾಗಿ ಹೋದಾಗ ಕಣ್ಣು ತೆರೆದಿದ್ದರೂ ಅಷ್ಟೇ, ಮುಚ್ಚಿದ್ದರೂ ಅಷ್ಟೇ, ತಿದ್ದೋಕೆ ಸಮಯವೇ ಇರೋದಿಲ್ಲ. ಕ್ಯಾರಂ ಆಡಿದವರಿಗೆ ಇದು ಗೊತ್ತು. ಸ್ಟ್ರೈಕರ್ ಬೆರಳು ಬಿಟ್ಟ ಮೇಲೆ ಮುಗೀತು. ಮೌಸ್‌ನಲ್ಲಿ ಹಾಗಲ್ಲ, ಎಸೆದ ಮೇಲೂ ತಿದ್ದಬಹುದು. ಸೆನ್ಸಿಟಿವಿಟಿ ಜೋರಾಗಿದ್ದರೆ ಎಸೆತ ಸುಲಭ, ತಿದ್ದೋದು ಕಷ್ಟ. ನಿಧಾನವಾಗಿದ್ದರೆ ತಿದ್ದೋದು ಸುಲಭ, ಎಸೆತಕ್ಕೆ ತೋಳು ಬೇಕು. 1954ರಲ್ಲಿ ಪಾಲ್ ಫಿಟ್ಸ್ ಅನ್ನುವವರು ಇದಕ್ಕೊಂದು ಸೂತ್ರವನ್ನೇ ಕೊಟ್ಟರು. ಗುರಿ ದೂರವಾದಷ್ಟೂ, ಕಿರಿದಾದಷ್ಟೂ ಕೈಗೆ ಸಮಯ ಬೇಕು ಅಂತ. 1978ರಲ್ಲಿ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಮೌಸು, ಜಾಯ್‌ಸ್ಟಿಕ್ಕು, ಕೀಲಿಗಳನ್ನು ಹೋಲಿಸಿ ಪರೀಕ್ಷೆ ಮಾಡಿದಾಗ ಗೆದ್ದದ್ದು ಮೌಸೇ, ಅಳೆದದ್ದು ಫಿಟ್ಸ್ ಸೂತ್ರದಿಂದಲೇ. ಆ ಪರೀಕ್ಷೆ ಮಾಡಿದ ಮೂವರಲ್ಲಿ ಒಬ್ಬರು, ಮರದ ಮೌಸ್ ಮಾಡಿದ ಅದೇ ಬಿಲ್ ಇಂಗ್ಲಿಷ್.

ಸರಿ, ಈಗ ಕಳ್ಳ ಎಲ್ಲಿದ್ದಾನೆ ಅಂತ ಹೇಳ್ತೀನಿ. ಬಹಳಷ್ಟು ಮನೆಗಳಲ್ಲಿ ಗುರಿ ಕೆಡಿಸ್ತಿರೋದು ಮೌಸ್ ಅಲ್ಲ, ವಿಂಡೋಸ್‌ನ ಒಂದು ಟಿಕ್ ಮಾರ್ಕ್. ಮೌಸ್ ಸೆಟ್ಟಿಂಗ್ಸ್‌ನೊಳಗೆ ಹೋದರೆ "ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್" ಅಂತ ಒಂದು ಸಾಲಿದೆ. ಹೆಸರು ನೋಡಿ, ನಿಖರತೆ ಹೆಚ್ಚಿಸುತ್ತಂತೆ! ಕಂಪ್ಯೂಟರ್ ತಂದ ದಿನದಿಂದಲೇ ಅದು ಆನ್ ಆಗಿರುತ್ತೆ. ಅದು ಮಾಡೋದೇನು ಗೊತ್ತಾ? ನೀವು ಮೌಸ್ ಅನ್ನು ನಿಧಾನ ಸರಿಸಿದರೆ ಬಾಣ ಕಡಿಮೆ ದೂರ ಹೋಗುತ್ತೆ, ಅದೇ ಐದು ಸೆಂಟಿಮೀಟರನ್ನು ಬೇಗ ಸರಿಸಿದರೆ ಜಾಸ್ತಿ ದೂರ ಹೋಗುತ್ತೆ. ಎಕ್ಸೆಲ್ ಶೀಟ್ ತುಂಬೋರಿಗೆ, ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ನೋಡೋರಿಗೆ ಇದು ಅನುಕೂಲವೇ. ಸಣ್ಣ ಜಾಗದಲ್ಲಿ ಕೈ ಆಡಿಸಿ ದೊಡ್ಡ ಪರದೆ ದಾಟಬಹುದು. ಗುರಿ ಇಡೋನಿಗೆ ಮಾತ್ರ ಇದು ರಬ್ಬರ್ ಟೇಪ್ ಹಿಡಿದು ಬಟ್ಟೆ ಅಳೆದ ಹಾಗೆ. ಜೋರಾಗಿ ಎಳೆದರೆ ಒಂದು ಅಳತೆ, ಮೆಲ್ಲಗೆ ಹಿಡಿದರೆ ಇನ್ನೊಂದು. ಟೈಲರ್ ಎಷ್ಟೇ ಅನುಭವಿಯಾಗಿದ್ದರೂ ಅಂಗಿ ಬಿಗಿಯಾಗದೆ ಇರುತ್ತಾ? ಕೈ ದೂರವನ್ನು ನೆನಪಿಟ್ಟುಕೊಳ್ಳಬೇಕು ಅಂದರೆ ದೂರ ಒಂದೇ ಆಗಿರಬೇಕು.

ಟಿಕ್ ತೆಗೆಯಿರಿ. ಅದರ ಮೇಲೇ ಇರೋ ಪಾಯಿಂಟರ್ ವೇಗದ ಗೆರೆಯನ್ನು ನಟ್ಟನಡುವೆ ಇಡಿ. ಹಳೇ ಕಿಟಕಿಯಲ್ಲಿ ಹನ್ನೊಂದು ಗೀಟುಗಳಲ್ಲಿ ಆರನೆಯದು, ವಿಂಡೋಸ್ 11ರ ಹೊಸ ಪುಟದಲ್ಲಿ 20ಕ್ಕೆ 10. ಆ ನಡುವಿನ ಜಾಗದಲ್ಲಿ ಮಾತ್ರ ಮೌಸ್‌ನ ಒಂದು ಹೆಜ್ಜೆಗೆ ಪರದೆಯಲ್ಲಿ ಒಂದು ಚುಕ್ಕೆ. ಕೆಲವು ಹೊಸ ಆಟಗಳು, ಕೌಂಟರ್ ಸ್ಟ್ರೈಕ್ 2 ಥರದವು, ವಿಂಡೋಸ್‌ನ ಮಾತು ಕೇಳದೆ ಮೌಸ್‌ನಿಂದಲೇ ನೇರವಾಗಿ ಲೆಕ್ಕ ತಗೊಳ್ಳುತ್ತವೆ. ಅದಕ್ಕೆ ರಾ ಇನ್‌ಪುಟ್ ಅಂತಾರೆ. ಆದರೆ ಎಲ್ಲ ಆಟವೂ ಹಾಗಲ್ಲ, ಹಳೇವುಗಳಲ್ಲಿ ಹಲವು ಹಾಗಲ್ಲ. ಅನುಮಾನ ಇದ್ದರೆ ಪರೀಕ್ಷೆ ಮಾಡೋದು ಸುಲಭ. ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಇಡಿ, ಒಂದು ಗೇಣು ಅಂತರದಲ್ಲಿ. ಎಡಗಡೆ ಪುಸ್ತಕಕ್ಕೆ ಮೌಸ್ ತಾಗಿಸಿ, ಆಟದಲ್ಲಿ ಗೋಡೆಯ ಮೇಲೊಂದು ಗುರುತು ನೋಡಿಕೊಳ್ಳಿ. ಆಮೆಯ ಹಾಗೆ ನಿಧಾನವಾಗಿ ಬಲಗಡೆ ಪುಸ್ತಕದವರೆಗೆ ಹೋಗಿ. ಅಲ್ಲಿಂದ ಪಟ್ಟಂತ ವಾಪಸ್ ಬನ್ನಿ. ಕ್ರಾಸ್‌ಹೇರ್ ಅದೇ ಗುರುತಿಗೆ ಬಂದು ನಿಂತರೆ ಸರಿ. ಎಲ್ಲೋ ಹೋಗಿ ನಿಂತರೆ ರಬ್ಬರ್ ಟೇಪ್ ಇನ್ನೂ ಕೆಲಸ ಮಾಡ್ತಿದೆ. ಮೌಸ್ ಕಂಪನಿಯ ಸಾಫ್ಟ್‌ವೇರ್‌ನಲ್ಲೂ ಒಮ್ಮೆ ನೋಡಿ, "ಆಂಗಲ್ ಸ್ನ್ಯಾಪಿಂಗ್" ಅಂತ ಇದ್ದರೆ ಅದೂ ಆಫ್. ಅದು ನಿಮ್ಮ ಓರೆ ಗೆರೆಯನ್ನು ತಾನಾಗಿ ನೇರ ಮಾಡುತ್ತೆ. ಚಿತ್ರ ಬಿಡಿಸೋರಿಗೆ ಇರಲಿ, ನಿಮಗೆ ಬೇಡ.

ಕ್ವೇಕ್ ಕಾಲದ ಕೆಲವು ಹಳೇ ಹುಲಿಗಳು ಬೇಕಂತಲೇ ಈ ವೇಗವರ್ಧನೆ ಇಟ್ಟುಕೊಂಡು ಆಡಿ ಗೆದ್ದದ್ದೂ ಉಂಟು, ನಿಜ. ಅವರು ತಮ್ಮ ರಬ್ಬರ್ ಟೇಪನ್ನು ತಾವೇ ತಯಾರಿಸಿಕೊಂಡಿದ್ದರು. ಅದು ಬೇರೆ ಮಾತು.

ಇನ್ನು ನಿಮ್ಮ ಸಂಖ್ಯೆ ಹುಡುಕೋದು ಹೇಗೆ? ಮೌಸ್ 800 ಡಿಪಿಐಗೆ ಇಡಿ. ಮುನ್ನೂರು ರೂಪಾಯಿಯ ಮೌಸ್‌ನಲ್ಲಿ ಡಿಪಿಐ ಬದಲಾಯಿಸೋ ಗುಂಡಿ ಇಲ್ಲದೆ ಹೋದರೆ ಇರಲಿ, ಇದ್ದದ್ದೇ ಇರಲಿ. ಅಳತೆ ಸೆಂಟಿಮೀಟರ್‌ನಲ್ಲಿ ತಾನೇ? ಆಟದೊಳಗಿನ ಸಂಖ್ಯೆಯನ್ನು ಬದಲಾಯಿಸಿ ಸುತ್ತಿಗೆ 40 ಸೆಂಟಿಮೀಟರ್ ಸುಮಾರಿಗೆ ತನ್ನಿ. ಅಭ್ಯಾಸದ ಮೈದಾನಕ್ಕೆ ಹೋಗಿ ಒಂದು ಗೊಂಬೆಯಿಂದ ಇನ್ನೊಂದು ಗೊಂಬೆಗೆ ಗುರಿ ಎಸೆಯಿರಿ, ನೂರು ಸಲ. ಎಲ್ಲಿ ತಪ್ಪುತ್ತೆ ಅನ್ನೋದನ್ನ ಮಾತ್ರ ನೋಡಿ. ಗುರಿ ದಾಟಿ ಆಚೆ ಹೋಗೋದು ಜಾಸ್ತಿಯಾದರೆ ಸಂಖ್ಯೆಯನ್ನು ಶೇಕಡಾ ಹತ್ತರಷ್ಟು ಇಳಿಸಿ. ಗುರಿ ಮುಟ್ಟೋ ಮೊದಲೇ ನಿಂತುಬಿಡ್ತಿದ್ದರೆ ಹತ್ತರಷ್ಟು ಏರಿಸಿ. ಎರಡೂ ಕಡೆ ಸಮನಾಗಿ ತಪ್ಪುತ್ತಿದ್ದರೆ? ಆಗ ಸಂಖ್ಯೆ ಸರಿ ಇದೆ, ಕೈ ಪಳಗಬೇಕು ಅಷ್ಟೇ. ಆಮೇಲೆ ಎರಡು ವಾರ ಅದನ್ನು ಮುಟ್ಟಲೇಬೇಡಿ.

ಈ ಕೊನೇ ಮಾತನ್ನು ಹುಡುಗರು ಕೇಳಲ್ಲ. ಒಂದು ಪಂದ್ಯ ಸೋತರೆ ಸಂಖ್ಯೆ ಬದಲು, ಇನ್ನೊಂದು ಸೋತರೆ ಇನ್ನೊಂದು ಬದಲು. ಬದಲಾಯಿಸಿದ ಮೊದಲ ಅರ್ಧ ಗಂಟೆ ಚೆನ್ನಾಗಿ ಆಡ್ತಾರೆ, ಯಾಕಂದರೆ ಹೊಸದು ಅಂತ ಮೈಯೆಲ್ಲ ಕಣ್ಣಾಗಿರ್ತಾರೆ. "ಸಿಕ್ಕೇಬಿಡ್ತು" ಅಂದುಕೊಳ್ಳುತ್ತಾರೆ. ಮರುದಿನ ಮತ್ತೆ ಅದೇ ಗೋಳು. ಪ್ರತಿ ವಾರ ಪೆನ್ನು ಬದಲಾಯಿಸಿದರೆ ಅಕ್ಷರ ದುಂಡಗಾಗುತ್ತಾ ಹೇಳಿ?

ಹರ್ಟ್ಸ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಮೌಸ್ ಕಂಪ್ಯೂಟರ್‌ಗೆ ಸೆಕೆಂಡಿಗೆ ಎಷ್ಟು ಸಲ ವರದಿ ಕೊಡುತ್ತೆ ಅನ್ನೋದು ಪೋಲಿಂಗ್ ರೇಟ್. ಮಾಮೂಲಿ ಮೌಸ್ 125 ಸಲ, ಅಂದರೆ 8 ಮಿಲಿಸೆಕೆಂಡ್‌ಗೆ ಒಮ್ಮೆ. ಗೇಮಿಂಗ್ ಮೌಸ್ 1000 ಸಲ, ಒಂದು ಮಿಲಿಸೆಕೆಂಡ್‌ಗೆ ಒಮ್ಮೆ. ಈ ವ್ಯತ್ಯಾಸ ನಿಜ, ಕೈಗೆ ಗೊತ್ತಾಗುತ್ತೆ. 1000 ಸಿಗೋ ಮೌಸ್ ಈಗ ಸಾವಿರ ರೂಪಾಯಿ ಆಸುಪಾಸಿನಲ್ಲೇ ಇದೆ. ಈಗೀಗ 8000 ಅಂತ ಮಾರ್ತಿದ್ದಾರಲ್ಲ, ಅಲ್ಲಿ ಉಳಿಯೋದು ಇನ್ನೊಂದು ಮಿಲಿಸೆಕೆಂಡ್‌ಗಿಂತ ಕಡಿಮೆ. ನಿಮ್ಮ ಮನೆಯ ಪರದೆ 60 ಹರ್ಟ್ಸ್‌ನದಾದರೆ ಅದು ಹೊಸ ಚಿತ್ರ ತೋರಿಸೋದೇ ಹದಿನೇಳು ಮಿಲಿಸೆಕೆಂಡ್‌ಗೆ ಒಮ್ಮೆ. ಕೆಸರು ರಸ್ತೆಯಲ್ಲಿ ರೇಸ್ ಕಾರ್ ಓಡಿಸಿದ ಹಾಗೆ! ಆ ಹಾಸನದ ತಂದೆಯ ಹತ್ತಿರ ನಿಜವಾಗಿಯೂ ಹನ್ನೆರಡು ಸಾವಿರ ಇದ್ದು, ಖರ್ಚು ಮಾಡಲೇಬೇಕು ಅಂತಿದ್ದರೆ, ಸಾವಿರದೈನೂರರ ಒಳಗೆ ಒಂದು ಹಗುರ ಮೌಸು, ಐನೂರಕ್ಕೆ ಒಂದು ದೊಡ್ಡ ಬಟ್ಟೆಯ ಮೌಸ್‌ಪ್ಯಾಡು, ಉಳಿದದ್ದು 144 ಹರ್ಟ್ಸ್ ಪರದೆಗೆ. ಗುರಿಗೆ ಆಗೋ ಲಾಭ ಅದರಲ್ಲಿ ಜಾಸ್ತಿ. ದುಡ್ಡಿಲ್ಲವಾ? ಆ ಟಿಕ್ ಮಾರ್ಕ್ ತೆಗೆಯೋಕೆ ಒಂದು ರೂಪಾಯಿಯೂ ಬೇಡ. ಪ್ಯಾಡ್ ಮಾತ್ರ ಒಂದು ತಗೊಳ್ಳಿ. ಸನ್‌ಮೈಕಾ ಮೇಜಿನ ಮೇಲೆ, ದಿನಪತ್ರಿಕೆಯ ಮೇಲೆ ಮೌಸ್ ಆಡಿಸೋದು ಬಿಡಿ. ಕ್ಯಾಮೆರಾಗೆ ನೋಡೋಕೆ ಹದವಾದ ನೇಯ್ಗೆ ಬೇಕು, ಕೈ ನಿಲ್ಲಿಸೋಕೆ ಸ್ವಲ್ಪ ತಡೆ ಬೇಕು.

ಇಷ್ಟೆಲ್ಲದಕ್ಕಿಂತ ದೊಡ್ಡ ವಿಷಯ ಒಂದಿದೆ, ಅಮ್ಮಂದಿರು ಕೇಳಿಸಿಕೊಳ್ಳಿ. ನೋಟ್‌ಬುಕ್‌ನಲ್ಲಿ ಬರೆಯೋವಾಗ ನಾವು ಬೆರಳು, ಮಣಿಕಟ್ಟು ಆಡಿಸ್ತೀವಿ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯೋವಾಗ ಭುಜದಿಂದ ಕೈ ಬರುತ್ತೆ. ಸೆನ್ಸಿಟಿವಿಟಿ ಜೋರಾಗಿ ಇಟ್ಟು ಆಡೋ ಹುಡುಗನದು ನೋಟ್‌ಬುಕ್ ಕೈ. ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿಟ್ಟು, ಅಲ್ಲೇ ಎಡಕ್ಕೂ ಬಲಕ್ಕೂ ಸಾವಿರ ಸಲ ಮುರಿಯುತ್ತಾನೆ. ನಿಧಾನ ಇಟ್ಟವನದು ಕಪ್ಪುಹಲಗೆ ಕೈ. ದೊಡ್ಡ ತಿರುವು ಮೊಣಕೈ, ಭುಜದಿಂದ. ಸಣ್ಣ ತಿದ್ದುಪಡಿ ಮಾತ್ರ ಮಣಿಕಟ್ಟಿನಿಂದ. ಅದಕ್ಕೆ ಮೇಜಿನ ಎತ್ತರ ಮೊಣಕೈ ಮಟ್ಟಕ್ಕಿರಬೇಕು, ಮುಂಗೈ ಮೇಜಿನ ಮೇಲೆ ಕೂರಬೇಕು. ಪ್ಲಾಸ್ಟಿಕ್ ಕುರ್ಚಿ ತಗ್ಗಾದರೆ ಒಂದು ದಿಂಬು ಹಾಕಿ. ಸ್ವೀಡನ್ನಿನ ಓಲೋಫ್‌ಮೈಸ್ಟರ್ ಅನ್ನೋ ಆಟಗಾರ ಜಗತ್ತಿನ ಅತ್ಯುತ್ತಮ ಅನ್ನಿಸಿಕೊಂಡಿದ್ದ ಹೊತ್ತಿನಲ್ಲೇ, 2016ರಲ್ಲಿ, ಕೈಯ ಗಾಯದಿಂದ ತಿಂಗಳುಗಟ್ಟಲೆ ಹೊರಗೆ ಕೂರಬೇಕಾಯ್ತು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಹೊತ್ತು ಜೋಮು ಹಿಡೀತಿದೆ ಅಂತ ಮಗ ಹೇಳಿದರೆ "ಫೋನ್ ನೋಡಿ ನೋಡಿ" ಅಂತ ಗದರಿ ಸುಮ್ಮನಾಗಬೇಡಿ. ಮಣಿಕಟ್ಟಿನ ನಡುವೆ ಹಾದು ಹೋಗೋ ನರ ಒತ್ತಿಹೋಗ್ತಿರಬಹುದು. ಮೂಳೆ ಡಾಕ್ಟರಿಗೆ ತೋರಿಸಿ. ಬೇಗ ಹೋದರೆ ವಿಶ್ರಾಂತಿ, ಪಟ್ಟಿ, ವ್ಯಾಯಾಮದಲ್ಲೇ ಮುಗಿಯೋ ಸಾಧ್ಯತೆ ಹೆಚ್ಚು.

ಅಡ್ಡದಾರಿಯ ಮಾತನ್ನೂ ಹೇಳಬೇಕು. 2018ರ ಅಕ್ಟೋಬರ್. ಶಾಂಘೈನಲ್ಲಿ ಏಷ್ಯಾ ಮಟ್ಟದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿ. ಭಾರತದ ತಂಡ ಆಡ್ತಿತ್ತು. ಪಂದ್ಯದ ನಡುವೆಯೇ ನಮ್ಮ ಹುಡುಗನೊಬ್ಬನ ಕಂಪ್ಯೂಟರ್ ಬಳಿ ಅಧಿಕಾರಿಗಳು ಬಂದು ನಿಂತರು. ಗುರಿಯನ್ನು ತಾನಾಗಿ ತಲೆಗೆ ಎಳೆಯೋ ಒಂದು ಸಣ್ಣ ಪ್ರೋಗ್ರಾಂ ಸಿಕ್ಕಿತು. ಫೈಲ್‌ನ ಹೆಸರು ಏನು ಗೊತ್ತಾ? ವರ್ಡ್ ಡಾಟ್ ಇಎಕ್ಸ್‌ಇ. ತಂಡವೇ ಅನರ್ಹ. ಅದನ್ನು ಕಟ್ಟಿದ್ದ ಅಮೆರಿಕದ ಸಂಸ್ಥೆ ಭಾರತದ ತಂಡವನ್ನೇ ಮುಚ್ಚಿತು. ಆ ಹುಡುಗನಿಗೆ ಐದು ವರ್ಷ ನಿಷೇಧ. ಉಳಿದ ನಾಲ್ಕು ಜನ ಏನೂ ತಪ್ಪು ಮಾಡಿರಲಿಲ್ಲ. ವರ್ಷಗಟ್ಟಲೆ ಕೈ ಪಳಗಿಸಿದವರು ಅವರು, ಅವರ ಕೆಲಸವೂ ಹೋಯ್ತು. ಅಲ್ಲಿಂದಾಚೆ ಎಷ್ಟೋ ದಿನ ಭಾರತದ ಹುಡುಗ ಚೆನ್ನಾಗಿ ಆಡಿದರೆ ಹೊರದೇಶದವರು "ವರ್ಡ್ ಡಾಟ್ ಇಎಕ್ಸ್‌ಇ" ಅಂತ ಹಂಗಿಸ್ತಿದ್ದರು. ಅಂತರ್ಜಾಲದಲ್ಲಿ "ಏಮ್ ಅಸಿಸ್ಟ್ ಸೆಟ್ಟಿಂಗ್, ಉಚಿತ ಡೌನ್‌ಲೋಡ್" ಅಂತ ಕಂಡರೆ ಅದು ಸೆಟ್ಟಿಂಗ್ ಅಲ್ಲ, ಇದೇ ಜಾತಿಯದು. ಜೊತೆಗೆ ಮನೆಯ ಕಂಪ್ಯೂಟರ್‌ಗೆ ವೈರಸ್ಸೂ ಬರಬಹುದು, ಅಪ್ಪನ ಬ್ಯಾಂಕ್ ಪಾಸ್‌ವರ್ಡ್ ಅದರಲ್ಲೇ ಇರುತ್ತಲ್ಲ.

ಪಂದ್ಯಾವಳಿಗೆ ಹೋಗೋ ಹುಡುಗರಿಗೆ ಇನ್ನೊಂದು ಮಾತು ಉಳಿದಿದೆ. ಅಲ್ಲಿ ಕಂಪ್ಯೂಟರ್ ಆಯೋಜಕರದು, ಮೌಸ್ ಮಾತ್ರ ನಿಮ್ಮದು. ಮೌಸ್ ಕಂಪನಿಯ ಸಾಫ್ಟ್‌ವೇರ್ ಹಾಕೋಕೆ ಬಿಡದೆ ಇರಬಹುದು. ಮೌಸ್‌ನೊಳಗೇ ನೆನಪಿನ ಚಿಪ್ ಇದ್ದರೆ ಮನೆಯಲ್ಲೇ ಡಿಪಿಐ, ಪೋಲಿಂಗ್ ರೇಟ್ ಅದರಲ್ಲಿ ಉಳಿಸಿಕೊಂಡು ಹೋಗಿ. ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಡಿಪಿಐ ಎಷ್ಟು, ಆಟದ ಸೆನ್ಸಿಟಿವಿಟಿ ಎಷ್ಟು, ದೂರದರ್ಶಕದ ಬಂದೂಕಿಗೆ ಬೇರೆ ಸಂಖ್ಯೆ ಇಟ್ಟಿದ್ದರೆ ಅದು, ಪರದೆಯ ರೆಸಲ್ಯೂಷನ್, ಸುತ್ತಿಗೆ ಎಷ್ಟು ಸೆಂಟಿಮೀಟರ್. ಕುರ್ಚಿಯಲ್ಲಿ ಕೂತ ತಕ್ಷಣ ಮೊದಲು ಆ ಟಿಕ್ ಮಾರ್ಕ್ ನೋಡಿ, ಆಮೇಲೆ ಮೇಜಿನ ಎತ್ತರ, ಆಮೇಲೆ ಗೋಡೆಯ ಗುರುತು ಇಟ್ಟು ಒಂದು ಸುತ್ತು ಅಳೆಯಿರಿ. ಪೆನ್ಸಿಲ್ ಡಬ್ಬಿಯಲ್ಲಿ ಒಂದು ಸ್ಕೇಲ್ ಇರಲಿ, ಮೌಸ್‌ನ ಅಡಿ ಒರೆಸೋಕೆ ಒಂದು ಒಣ ಬಟ್ಟೆಯೂ ಇರಲಿ.